ಕರುವೋ, ಕುರಿಮರಿಯೋ? ಅಬ್ಬೆ ದುಬಾಯ್ ಎತ್ತಿದ ಒಂದು ಪ್ರಶ್ನೆ

ಕೊಯಮತ್ತೂರಿನಿಂದ ಅವಿನಾಶಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಕರುಮತ್ತಂಪಟ್ಟಿ ಎಂಬ ಊರಿದೆ. ತಿರುಪ್ಪೂರಿಗೆ ಹೋಗಿಬರುವ ನಮ್ಮವರಲ್ಲಿ ಅನೇಕರು ಇದನ್ನು ಬಸ್ಸಿನ ಕಿಟಕಿಯಿಂದ ಕಂಡಿರಬಹುದು. ಇಳಿದು ನೋಡಿದವರು ವಿರಳ. ಅಲ್ಲಿನ ಜಪಮಾಲೆ ಮಾತೆಯ ದೇವಾಲಯವು ಈ ಸೀಮೆಯ ಕ್ರೈಸ್ತರ ಅತಿ ಹಳೆಯ ನೆಲೆಗಳಲ್ಲೊಂದು. 17ನೆಯ ಶತಮಾನದಲ್ಲಿ ನೆಲೆಗೊಂಡ ಈ ದೇವಾಲಯವನ್ನು 19ನೆಯ ಶತಮಾನದ ಆರಂಭದಲ್ಲಿ ಪುನಃ ಕಟ್ಟಿಸಿದವನು ಅಬ್ಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿ. ಧರ್ಮಗ್ರಂಥದಲ್ಲಿ ಓದುಗನ ಮನಸ್ಸನ್ನು ನೋಯಿಸುವ ಭಾಗವೊಂದು ಎದುರಾದಾಗ ಸತ್ಯನಿಷ್ಠನಾದವನು ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಈತನು ಎತ್ತಿದಷ್ಟು ನೇರವಾಗಿ ನಮ್ಮ ಸೀಮೆಯಲ್ಲಿ ಎತ್ತಿದವರು ಕಡಿಮೆ. ಆ ಪ್ರಶ್ನೆಯ ಚರಿತ್ರೆಯನ್ನು ಈ ಲೇಖನದಲ್ಲಿ ವಾಚಕರ ಮುಂದಿಡಲು ಬಯಸುತ್ತೇವೆ.

ಇದು ಕನ್ನಡಿಗರಿಗೆ ಹೊರಗಿನ ಕಥೆಯಲ್ಲ. ಕೊಯಮತ್ತೂರು ಸೀಮೆಯು 1799ರಲ್ಲಿ ಶ್ರೀರಂಗಪಟ್ಟಣ ಬೀಳುವವರೆಗೆ ಮೈಸೂರಿನ ಆಳ್ವಿಕೆಗೆ ಒಳಪಟ್ಟಿತ್ತು. ಕಂಪೆನಿಯ ಕಾಲದಲ್ಲಿ ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಗೆ ಸೇರಿ, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಮರಳುವ ತನಕ ಅಲ್ಲಿಯೇ ಉಳಿಯಿತು. ಇಂದಿಗೂ ಇಲ್ಲಿನ ದೇವಾಂಗರ ಮತ್ತು ಒಕ್ಕಲಿಗರ ಎಷ್ಟೋ ಮನೆಗಳ ಒಳಮಾತು ಕನ್ನಡವೇ. ಕ್ರೈಸ್ತ ಪಾದ್ರಿಗಳೂ ಈ ನಾಡನ್ನು ‘ಮೈಸೂರು ಮಿಶನ್’ ಎಂಬ ಒಂದೇ ಹೆಸರಿನ ಅಡಿಯಲ್ಲಿ ಕಂಡಿದ್ದರು.

ಆ ಮಿಶನ್ನಿನ ಮೂಲಪುರುಷ ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಜೆಸ್ವಿಟ್. 17ನೆಯ ಶತಮಾನದ ಮಧ್ಯಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇವನು ಕನ್ನಡವನ್ನು ಕಲಿತು, ಆ ಭಾಷೆಯಲ್ಲಿ ಬರೆದನು. 1606ರಲ್ಲಿ ಮಧುರೆಗೆ ಬಂದ ರಾಬರ್ಟ್ ದ ನೊಬಿಲಿಯ ಮಾರ್ಗವೇ ಇವನಿಗೂ ಮಾದರಿ. ಕಾವಿ ಉಟ್ಟು, ಮಾಂಸವನ್ನು ತೊರೆದು, ಸಂನ್ಯಾಸಿಯ ನಡೆಯಲ್ಲಿ ನಡೆದು ಬೋಧಿಸುವುದು ಆ ಮಾರ್ಗ. ಕೇಳುವವನ ಆಚಾರವನ್ನು ನೋಯಿಸದೆ ಹೇಳಬೇಕಾದುದನ್ನು ಹೇಳುವುದು ಅದರ ತಿರುಳು. ಇದು ಸರಿಯೆಂದು ಕೆಲವರು, ಸತ್ಯವನ್ನು ಮರೆಮಾಚಿದಂತೆ ಎಂದು ಕೆಲವರು ರೋಮಿನಲ್ಲಿ ದೀರ್ಘಕಾಲ ವಾದಿಸಿದರು. ಕಡೆಗೆ 1744ರಲ್ಲಿ ಪೋಪರ ಆಜ್ಞೆಯಿಂದ ಇಂತಹ ಹಲವು ಪದ್ಧತಿಗಳು ನಿಷಿದ್ಧವಾದವು. 1773ರಲ್ಲಿ ಜೆಸ್ವಿಟರ ಸಂಘವೇ ರದ್ದಾಗಿ, ಅವರ ಕಾರ್ಯವು ಪ್ಯಾರಿಸ್ಸಿನ ವಿದೇಶ ಮಿಶನ್ ಸಂಸ್ಥೆಯ ಪಾದ್ರಿಗಳ ಕೈಗೆ ಬಂದಿತು. ದುಬಾಯ್ ಆ ಸಂಸ್ಥೆಗೆ ಸೇರಿದವನು.

ಜಾನ್ ಆಂತ್ವಾನ್ ದುಬಾಯ್ 1765ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿ, 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಭಾರತಕ್ಕೆ ಹೊರಟನು. 1823ರಲ್ಲಿ ಹಿಂದಿರುಗುವವರೆಗೆ ಸುಮಾರು ಮೂವತ್ತು ವರ್ಷಗಳನ್ನು ತಮಿಳು ಮತ್ತು ಕನ್ನಡ ಸೀಮೆಗಳಲ್ಲಿ ಕಳೆದನು. ಈ ನೆಲದ ಉಡುಗೆಯನ್ನುಟ್ಟು, ಈ ನೆಲದ ಊಟವನ್ನುಂಡು, ಜನರ ನಡುವೆ ಬಾಳಿದನು. ಮೈಸೂರು ಸೀಮೆಯ ಜನರು ಇವನನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ಸಿಡುಬಿನ ಹಾವಳಿಯ ಕಾಲದಲ್ಲಿ, 1803-04ರಲ್ಲಿ, 25 ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಿದ ಕೀರ್ತಿಯೂ ಇವನದು. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಇವನ ಹಸ್ತಪ್ರತಿಯನ್ನು ಕಂಪೆನಿ ಸರ್ಕಾರವು 2,000 ವರಹಗಳಿಗೆ ಕೊಂಡು, 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಗುವಂತೆ ಮಾಡಿತು.

ಆದರೆ ನಮ್ಮ ವಿಷಯಕ್ಕೆ ಬೇಕಾದುದು ಅವನ ಮತ್ತೊಂದು ಕೃತಿ. 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಭಾರತದಲ್ಲಿ ಕ್ರೈಸ್ತಮತದ ಸ್ಥಿತಿಯನ್ನು ಕುರಿತ ಪತ್ರಗಳ ಸಂಪುಟವದು. ಇಪ್ಪತ್ತೈದು ವರ್ಷ ದುಡಿದು ತಾನು ಮತಕ್ಕೆ ಸೇರಿಸಿದವರು ಇನ್ನೂರು ಮುನ್ನೂರು ಜನರು ಮಾತ್ರವೆಂದು ಅವನು ಅದರಲ್ಲಿ ಮರೆಮಾಚದೆ ಒಪ್ಪಿಕೊಂಡಿದ್ದಾನೆ. ಹಿಂದೂಗಳನ್ನು ಮತಾಂತರಿಸುವುದು ಆಗದ ಕೆಲಸವೆಂಬುದು ಅವನ ಒಂದು ವಾದ. ಬೈಬಲನ್ನು ದೇಶಭಾಷೆಗಳಿಗೆ ತರ್ಜುಮೆ ಮಾಡಿ ಹಂಚುವುದರಿಂದ ಹಿತಕ್ಕಿಂತ ಅಹಿತವೇ ಹೆಚ್ಚು ಎಂಬುದು ಇನ್ನೊಂದು.

ಈ ಎರಡನೆಯ ವಾದಕ್ಕೆ ಅವನು ಕೊಡುವ ನಿದರ್ಶನಗಳು ಗಮನಾರ್ಹವಾಗಿವೆ. ಆದಿಕಾಂಡದಲ್ಲಿ ಅಬ್ರಹಾಮನು ತನ್ನ ಗುಡಾರಕ್ಕೆ ಬಂದ ಮೂವರು ಅತಿಥಿಗಳಿಗಾಗಿ ಎಳೆಗರುವನ್ನು ಕೊಲ್ಲಿಸಿ ಬಡಿಸುತ್ತಾನೆ. ಇದನ್ನೋದಿದ ಕುಲೀನ ಹಿಂದೂವು ಏನೆಂದುಕೊಂಡಾನು ಎಂದು ದುಬಾಯ್ ಕೇಳುತ್ತಾನೆ. ಮತ್ತೊಂದು ಅವನ ಸ್ವಂತ ಅನುಭವ. ಲೂಕನ ಸುವಾರ್ತೆಯಲ್ಲಿ ಬರುವ ತಪ್ಪಿಹೋದ ಮಗನ ಸಾಮ್ಯವನ್ನು ಒಮ್ಮೆ ತನ್ನ ಸಭೆಗೆ ವಿವರಿಸುತ್ತ, ಹಿಂತಿರುಗಿದ ಮಗನಿಗಾಗಿ ತಂದೆಯು ಕೊಬ್ಬಿಸಿದ ಕರುವನ್ನು ಕೊಯ್ಯಿಸಿದ ಸಂಗತಿಯನ್ನು ಅವನು ಹೇಳಿದನಂತೆ. ಪ್ರಸಂಗ ಮುಗಿದ ಮೇಲೆ ಕೆಲವು ಕ್ರೈಸ್ತರು ಬಂದು ಆಕ್ಷೇಪಿಸಿದರು. ಹಿಂದೂಗಳು ಯಾರಾದರೂ ಕೇಳಿಸಿಕೊಂಡಿದ್ದರೆ ಕ್ರೈಸ್ತರೆಲ್ಲರೂ ಅಸ್ಪೃಶ್ಯರೆಂಬ ಅವರ ಎಣಿಕೆ ಇನ್ನಷ್ಟು ಗಟ್ಟಿಯಾಗುತ್ತಿತ್ತು ಎಂಬುದು ಅವರ ಅಳಲು. ಇನ್ನು ಮುಂದೆ ಈ ಕಥೆಯನ್ನು ಹೇಳುವಾಗ ಕರುವಿನ ಬದಲು ಕುರಿಮರಿ ಎಂದು ಹೇಳಬೇಕೆಂದು ಅವರು ಸಲಹೆಯಿತ್ತರು.

ಒಂದು ಪದದ ಬದಲಾವಣೆ, ಅಷ್ಟೆ. ಆದರೆ ಆ ಒಂದು ಪದದಲ್ಲಿ ಎಷ್ಟು ಪ್ರಶ್ನೆಗಳು ಅಡಗಿವೆ! ಕನ್ನಡ ಶಾಲೆಯ ಉಪಾಧ್ಯಾಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮಕ್ಕಳು ಸತ್ಯವೆಂದರೇನೆಂಬುದನ್ನು ಮೊದಲು ಕಲಿಯುವುದು ಗೋವಿನ ಹಾಡಿನಿಂದ. ಕೊಟ್ಟ ಮಾತಿಗಾಗಿ ಹುಲಿಯ ಬಳಿಗೆ ಮರಳಿದ ಪುಣ್ಯಕೋಟಿಗಾಗಿಯೂ, ತಬ್ಬಲಿಯಾಗಲಿದ್ದ ಅವಳ ಕರುವಿಗಾಗಿಯೂ ಅತ್ತ ಮಗುವು, ಸಂತೋಷಕ್ಕೆಂದು ಕರುವನ್ನು ಕೊಯ್ಯಿಸಿದ ತಂದೆಯ ಕಥೆಯನ್ನು ಕೇಳಿದರೆ ಆ ತಂದೆಯನ್ನು ಕರುಣಾಳುವೆಂದು ಹೇಗೆ ತಿಳಿದೀತು? ಕಥೆಯ ಉದ್ದೇಶ ಕ್ಷಮೆ. ಮಗುವಿನ ಕಿವಿಗೆ ಬಿದ್ದದ್ದು ಕ್ರೌರ್ಯ. ಪದವು ನಿಜವಾಗಿದ್ದರೂ ಅರ್ಥವು ತಿರುವುಮುರುವಾಯಿತು. ಕುರಿಮರಿ ಎಂದು ಬದಲಿಸಿದರೆ ಅರ್ಥವು ಉಳಿದೀತು. ಆದರೆ ಗ್ರಂಥದಲ್ಲಿಲ್ಲದುದನ್ನು ಇದೆಯೆಂದು ಹೇಳಿದಂತಾಯಿತು. ಕನ್ನಡದಲ್ಲಿ ಬೈಬಲ್ಲಿಗೆ ‘ಸತ್ಯವೇದ’ ಎಂಬುದೇ ಹೆಸರು. ಸತ್ಯವೇದವನ್ನು ಸುಳ್ಳಿನಿಂದ ಕಾಪಾಡಬಹುದೆ?

ಈ ತೊಡಕು ನಮ್ಮ ನಾಡಿನಲ್ಲಿ ಹುಟ್ಟಿದ್ದಲ್ಲ. ದೇವರು ಸುಳ್ಳಾಡುವವನಲ್ಲ ಎಂದು ಹಳೆಯ ಒಡಂಬಡಿಕೆಯೂ ಹೊಸ ಒಡಂಬಡಿಕೆಯೂ ಸಾರುತ್ತವೆ. ಆದರೆ ಅದೇ ಗ್ರಂಥದಲ್ಲಿ, ಇಬ್ರಿಯ ಶಿಶುಗಳನ್ನುಳಿಸಲು ಫರೋಹನ ಮುಂದೆ ಸುಳ್ಳು ಹೇಳಿದ ಸೂಲಗಿತ್ತಿಯರಿಗೆ ದೇವರು ಒಳ್ಳೆಯದನ್ನು ಮಾಡುತ್ತಾನೆ. ಗೂಢಚಾರರನ್ನು ಬಚ್ಚಿಟ್ಟು ಸುಳ್ಳು ಹೇಳಿದ ರಾಹಾಬಳು ಹೊಗಳಿಕೆಗೆ ಪಾತ್ರಳಾಗುತ್ತಾಳೆ. ಅಹಾಬನೆಂಬ ಅರಸನನ್ನು ಮೋಸಗೊಳಿಸಲು ಅಸತ್ಯದ ಆತ್ಮವೊಂದು ದೇವರ ಅಪ್ಪಣೆಯಿಂದಲೇ ಹೊರಡುತ್ತದೆ. ಇಂತಹ ಭಾಗಗಳ ಮುಂದೆ ಪ್ರಾಚೀನ ಕ್ರೈಸ್ತರು ಹಿಡಿದ ದಾರಿಗಳು ಹಲವು. 2ನೆಯ ಶತಮಾನದ ಮಾರ್ಸಿಯನ್ ಹಳೆಯ ಒಡಂಬಡಿಕೆಯನ್ನೇ ಕೈಬಿಟ್ಟನು. ಸಭೆಯು ಅವನನ್ನು ಹೊರಹಾಕಿತು. 3ನೆಯ ಶತಮಾನದ ಒರಿಜೆನನು ಅಕ್ಷರಾರ್ಥ ಸಲ್ಲದ ಕಡೆ ಗೂಢಾರ್ಥವನ್ನು ಹುಡುಕಿದನು. ತಂದೆಯು ಮಗುವಿನೊಡನೆ ತೊದಲು ಮಾತನಾಡುವಂತೆ ದೇವರು ಮನುಷ್ಯರ ಮಟ್ಟಕ್ಕೆ ಇಳಿದು ಮಾತನಾಡಿದನೆಂಬ ವಿಚಾರಕ್ಕೆ 4ನೆಯ ಶತಮಾನದ ಕ್ರಿಸೊಸ್ತೊಮನು ಒತ್ತುಕೊಟ್ಟನು.

ಅಗಸ್ಟಿನನು (354-430) ಸುಳ್ಳನ್ನು ಕುರಿತೇ ಎರಡು ಗ್ರಂಥಗಳನ್ನು ಬರೆದನು. ಅವನ ನಿಲುವು ಕಠಿಣವಾದುದು: ಯಾವ ಒಳ್ಳೆಯ ಕಾರ್ಯಕ್ಕಾಗಿಯೂ ಸುಳ್ಳು ಸಲ್ಲದು. ಸೂಲಗಿತ್ತಿಯರ ವಿಷಯದಲ್ಲಿ ಅವನ ಸಮಾಧಾನವೆಂದರೆ, ದೇವರು ಮೆಚ್ಚಿದ್ದು ಅವರ ದಯೆಯನ್ನು, ಅವರ ಸುಳ್ಳನ್ನಲ್ಲ. ಈ ಸಮಾಧಾನವು ಎಲ್ಲರಿಗೂ ಒಪ್ಪಿಗೆಯಾಗದಿರಬಹುದು. ಶಿಶುಹತ್ಯೆಗೆ ನಿಂತ ಅರಸನಿಗೆ ಸತ್ಯವನ್ನು ತಿಳಿಸುವ ಹೊಣೆ ಆ ಹೆಂಗಸರಿಗಿತ್ತೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಗೆ ಬಲವುಂಟು. ಆದರೆ ಅಗಸ್ಟಿನನು ಆ ಭಾಗವನ್ನು ಬಚ್ಚಿಡಲಿಲ್ಲ, ತಿದ್ದಲಿಲ್ಲ. ಎದುರಿಗಿಟ್ಟುಕೊಂಡೇ ವಿಚಾರ ಮಾಡಿದನು. ಅಹಾಬನ ಪ್ರಸಂಗದಲ್ಲಿಯೂ ನಾವು ಗಮನಿಸಬೇಕಾದ ಒಂದಂಶವಿದೆ. ಅಸತ್ಯದ ಆತ್ಮದ ಸಂಗತಿಯನ್ನು ಪ್ರವಾದಿಯಾದ ಮೀಕಾಯನು ಅರಸನ ಮುಖದೆದುರಿಗೇ ಬಹಿರಂಗಪಡಿಸುತ್ತಾನೆ. ಮೋಸಮಾಡಬೇಕೆಂದಿರುವವನು ಮೋಸವನ್ನು ಮುಂಚಿತವಾಗಿ ಸಾರುವುದುಂಟೆ? ಇಡೀ ಪ್ರಸಂಗವನ್ನು ಓದಿದವನಿಗೆ, ಸತ್ಯವನ್ನು ಕೇಳಿಯೂ ಒಲ್ಲದ ಅರಸನ ಕಥೆಯಿದು ಎಂದು ತೋರುತ್ತದೆ. ಒಂದು ವಾಕ್ಯವನ್ನು ಮಾತ್ರ ಓದಿದವನಿಗೆ ಹಾಗೆ ತೋರಲಾರದು.

ದುಬಾಯ್‌ನ ಸಂಪುಟಕ್ಕೆ ಬಹುಬೇಗ ಪ್ರತ್ಯುತ್ತರಗಳು ಬಂದವು. ಪಾಳಯಂಕೋಟೆಯಲ್ಲಿ ಪಾದ್ರಿಯಾಗಿದ್ದ ಜೇಮ್ಸ್ ಹಫ್, ಬಂಗಾಳದಲ್ಲಿ ದುಡಿದಿದ್ದ ಹೆನ್ರಿ ಟೌನ್ಲಿ, ಇವರಿಬ್ಬರೂ 1824ರಲ್ಲಿ ಅವನನ್ನು ಖಂಡಿಸಿ ಪುಸ್ತಕಗಳನ್ನು ಬರೆದರು. ಇತ್ತ ಬಳ್ಳಾರಿಯಲ್ಲಿ 1810ರಿಂದ ನೆಲೆಸಿದ್ದ ಜಾನ್ ಹ್ಯಾಂಡ್ಸ್ ಕನ್ನಡ ಬೈಬಲ್ಲಿನ ಕಾರ್ಯವನ್ನು ಮುಂದುವರಿಸಿದನು. 1831ರ ಹೊತ್ತಿಗೆ ಇಡೀ ಗ್ರಂಥವು ಕನ್ನಡಕ್ಕೆ ಬಂದಿತು. ಮುಂದೆ ಬಾಸೆಲ್ ಮಿಶನ್ನಿನವರೂ ಇತರರೂ ಅದನ್ನು ತಿದ್ದಿದರು. ಭಾಷೆಯು ಬಹಳವಾಗಿ ಬದಲಾಯಿತು. ಆದರೆ ಇಂದು ಓದುವ ಕನ್ನಡ ಸತ್ಯವೇದದಲ್ಲಿ ಕರುವು ಕರುವಾಗಿಯೇ ಇದೆ.

ಹಾಗಾದರೆ ದುಬಾಯ್ ಹೇಳಿದ್ದೆಲ್ಲ ಹುಸಿಯೆ? ಹಾಗೆನ್ನಲಾರೆವು. ಪದಕ್ಕೆ ಪದವನ್ನಿಟ್ಟ ಮಾತ್ರಕ್ಕೆ ಅರ್ಥವು ದಾಟಿ ಬರುವುದಿಲ್ಲ. ಓದುಗನ ಸಂಸ್ಕಾರವನ್ನರಿಯದ ತರ್ಜುಮೆಯು ನಿಷ್ಠೆಯ ಹೆಸರಿನಲ್ಲಿ ಅಪಾರ್ಥವನ್ನೇ ಹರಡಬಹುದು ಎಂಬುದನ್ನು ಅವನು ಸರಿಯಾಗಿ ಕಂಡಿದ್ದನು. ಮೊದಲು ಮೂಲಪಾಠಗಳನ್ನು ತಿಳಿಹೇಳಿ, ಆಮೇಲೆ ಗ್ರಂಥವನ್ನು ಕೈಗಿಡಬೇಕೆಂಬ ಅವನ ಮಾತಿನಲ್ಲಿ ಒಬ್ಬ ಅನುಭವಿ ಶಿಕ್ಷಕನ ವಿವೇಕವಿದೆ.

ಆದರೆ ಅವನು ಕಾಣದೆ ಹೋದ ಸಂಗತಿಯೊಂದುಂಟು. ಕುರಿಮರಿಯೆಂದು ಹೇಳಬೇಕೆಂದವರ ಅಳುಕು ಕರುವಿನ ಮೇಲಣ ಕನಿಕರದಿಂದ ಹುಟ್ಟಿದ್ದಲ್ಲ. ತಮ್ಮನ್ನು ಅಸ್ಪೃಶ್ಯರ ಸಾಲಿಗೆ ಸೇರಿಸಿಯಾರು ಎಂಬ ಭಯದಿಂದ ಹುಟ್ಟಿದ್ದು. ಅದೇ ಪತ್ರಗಳಲ್ಲಿ ದುಬಾಯ್ ತಾನು ಮತಕ್ಕೆ ಸೇರಿಸಿದವರಲ್ಲಿ ಹೆಚ್ಚಿನವರು ಹೀಗೆ ಕಡೆಗಣಿಸಲ್ಪಟ್ಟ ಬಡಜನರೇ ಎಂದು ಬರೆದಿದ್ದಾನೆ. ಅವರ ಪಾಲಿಗೆ ಆ ಕಥೆಯಲ್ಲಿ ಅಡ್ಡಿಯೇನಿತ್ತು? ಬರಿಗೈಯಲ್ಲಿ ಮರಳಿದವನಿಗೆ ಮನೆಯ ಶ್ರೇಷ್ಠವಾದುದನ್ನು ಬಡಿಸಿದ ತಂದೆಯನ್ನು ಅವರು ಸುಲಭವಾಗಿ ಗುರುತಿಸಿಯಾರು. ಹಿಂದೂವಿನ ಅಭಿಪ್ರಾಯವೆಂದರೆ ಕುಲೀನರ ಅಭಿಪ್ರಾಯವೆಂದೇ ದುಬಾಯ್ ಎಣಿಸಿದನು. ಅಂದು ಒಂದು ಪದವನ್ನು ಬದಲಿಸಿದ್ದರೆ, ಒಬ್ಬರ ಮನಸ್ಸನ್ನು ಕಾಯಲು ಇನ್ನೊಬ್ಬರ ಮೇಲಣ ತಿರಸ್ಕಾರಕ್ಕೆ ದೇವಾಲಯದೊಳಗೇ ಮುದ್ರೆಯೊತ್ತಿದಂತಾಗುತ್ತಿತ್ತು. ಆಗ ಆ ಸಾಮ್ಯದ ಅರ್ಥವೇ ಸುಳ್ಳಾಗುತ್ತಿತ್ತು. ಎಲ್ಲರನ್ನೂ ಒಳಗೆ ಕರೆಯುವ ತಂದೆಯ ಕಥೆಯಲ್ಲವೆ ಅದು?

ಚರಿತ್ರೆಯು ದುಬಾಯ್‌ನ ವಿಷಯದಲ್ಲಿಯೂ ಒಂದು ಪಾಠವನ್ನು ಕಾದಿರಿಸಿತ್ತು. ಅವನಿಗೆ ಕೀರ್ತಿ ತಂದ ಆಚಾರ ವಿಚಾರಗಳ ಗ್ರಂಥದ ಬಹುಭಾಗವು, ಅವನಿಗಿಂತ ಮೊದಲು ಬಾಳಿದ ಕೂರ್ದೂ ಎಂಬ ಜೆಸ್ವಿಟನ ಬರಹದಿಂದ ಬಂದುದೆಂದು ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿ 1987ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ತೋರಿಸಿಕೊಟ್ಟಳು. ಇದರಿಂದ ದುಬಾಯ್ ಲಸಿಕೆ ಹಾಕಿಸಿದ ಪುಣ್ಯವು ಅಳಿಯಲಿಲ್ಲ. ಗ್ರಂಥದ ಬೆಲೆಯೂ ಮಣ್ಣುಪಾಲಾಗಲಿಲ್ಲ. ಅದು ಯಾರ ಕೈಯಿಂದ, ಯಾವ ಕಾಲದಲ್ಲಿ ಬಂದುದೆಂದು ತಿಳಿದು ಓದುವ ಹೊಣೆ ನಮ್ಮ ಮೇಲೆ ಬಿದ್ದಿತು. ಧರ್ಮಗ್ರಂಥವನ್ನು ನಂಬುವವರು ಅದರ ಕಠಿಣ ಭಾಗಗಳ ವಿಷಯದಲ್ಲಿ ಕಡೆಗೆ ಬಂದು ಸೇರುವ ನೆಲೆಯೂ ಇದಕ್ಕೆ ದೂರವಾದುದಲ್ಲ. ನುಡಿಸಿದವನು ಸತ್ಯನೆಂಬ ನಂಬಿಕೆಯುಳ್ಳವನು, ನುಡಿದ ಮನುಷ್ಯರ ಕಾಲದೇಶಗಳನ್ನು ಅರಿಯಲು ಅಂಜಬೇಕಾಗಿಲ್ಲ.

ನಮ್ಮ ಉಪಾಧ್ಯಾಯ ಮಿತ್ರರಿಗೆ ಇದರಲ್ಲಿ ದಿನನಿತ್ಯದ ಉಪಯೋಗವುಂಟೆಂದು ಭಾವಿಸುತ್ತೇವೆ. ಬೈಬಲ್ಲಾಗಲಿ, ಪುರಾಣವಾಗಲಿ, ಹಳಗನ್ನಡ ಕಾವ್ಯವಾಗಲಿ, ಮಕ್ಕಳ ಮನಸ್ಸಿಗೆ ನೋವಾಗುವ ಭಾಗವು ತರಗತಿಯಲ್ಲಿ ಬಂದೇ ಬರುತ್ತದೆ. ಅದನ್ನು ದಾಟಿಸಿ ಓದುವುದು ಸುಲಭ, ಪದವನ್ನು ಮೆತ್ತಗೆ ಮಾಡುವುದು ಇನ್ನೂ ಸುಲಭ. ಆದರೆ ಆ ಮಗುವು ಮುಂದೊಂದು ದಿನ ಮೂಲವನ್ನು ತಾನೇ ಓದುತ್ತದೆ. ಅಂದು ಅದಕ್ಕೆ ಗ್ರಂಥದ ಮೇಲಿರಲಿ, ಗುರುವಿನ ಮೇಲೆಯೇ ನಂಬಿಕೆ ಉಳಿಯಲಾರದು. ಆದುದರಿಂದ ಇದ್ದುದನ್ನು ಇದ್ದಂತೆ ಓದಿ, ಅದು ಹುಟ್ಟಿದ ನಾಡಿನ ನಡೆಯನ್ನು ತಿಳಿಸಿ, ತಿಳಿಯದುದನ್ನು ತಿಳಿಯದೆಂದೇ ಹೇಳುವುದು ಮೇಲು. ಗೋವಿನ ಹಾಡಿಗೆ ಅತ್ತ ಮಗುವು ಲೂಕನ ಕಥೆಯನ್ನು ಕೇಳಿ ‘ಕರು ಏನು ತಪ್ಪು ಮಾಡಿತ್ತು?’ ಎಂದು ಕೇಳಿದರೆ, ಆ ಮಗುವನ್ನು ಗದರಿಸದಿರೋಣ. ಅದು ಸತ್ಯವನ್ನೂ ಕರುಣೆಯನ್ನೂ ಒಟ್ಟಿಗೆ ಕೇಳುತ್ತಿದೆ. ಕರುಮತ್ತಂಪಟ್ಟಿಯ ದೇವಾಲಯವನ್ನು ಮತ್ತೆ ಕಟ್ಟಿಸಿದ ದೊಡ್ಡ ಸ್ವಾಮಿಯವರನ್ನು ಕಾಡಿದ ಪ್ರಶ್ನೆಯೂ ಅದಕ್ಕೆ ಬಹುದೂರವಾದುದಲ್ಲ.