ಒಳಾಂಗಣ ಗಾಂಜಾ ಬೇಸಾಯದಲ್ಲಿ ಶಾಖ ಮತ್ತು ವಿದ್ಯುತ್ ಹೊರೆ

ಮುಚ್ಚಿದ ಕೋಣೆಯಲ್ಲಿ ದೀಪದ ಬೆಳಕಿನಡಿ ಗಾಂಜಾ ಬೆಳೆಯುವಾಗ ದೀಪ, ಹವಾನಿಯಂತ್ರಕ, ಡಿಹ್ಯುಮಿಡಿಫೈಯರ್ ಮತ್ತು ಫ್ಯಾನುಗಳು ಸೆಳೆಯುವ ವಿದ್ಯುತ್ತನ್ನೂ ಅವು ಹೊರಬಿಡುವ ಶಾಖವನ್ನೂ ಹತೋಟಿಯಲ್ಲಿಡುವ ವ್ಯವಸ್ಥೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಮತ್ತು ಕೆನಡದಲ್ಲಿ ಇದು ಪರವಾನಗಿ ಪಡೆದ ಉದ್ಯಮದ ಭಾಗ. ಕೊಲರಾಡೊದಲ್ಲಿ 2014ರ ಜನವರಿ 1ರಂದು ಅಂಗಡಿ ಮಾರಾಟ ಆರಂಭವಾಯಿತು. ಕೆನಡದ ಗಾಂಜಾ ಕಾಯ್ದೆ 2018ರ ಅಕ್ಟೋಬರ್ 17ರಂದು ಜಾರಿಗೆ ಬಂತು. ಭಾರತದಲ್ಲಿ ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಪರವಾನಗಿಯಿಲ್ಲದೆ ಗಾಂಜಾ ಬೆಳೆಯುವುದು ಅಪರಾಧ.

ಗಾಂಜಾ ಬಯಲಿನ ಬಿಸಿಲಿನಲ್ಲಿ ಹುಲುಸಾಗಿ ಬೆಳೆಯುವ ಗಿಡ. ಅದನ್ನು ಕೋಣೆಯೊಳಗೆ ದೂಡಿದ್ದು ಬಹುಮಟ್ಟಿಗೆ ನಿಷೇಧವೇ. ಕ್ಯಾಲಿಫೋರ್ನಿಯದಲ್ಲಿ 1983ರಿಂದ ಹೆಲಿಕಾಪ್ಟರುಗಳಲ್ಲಿ ಹಾರಾಡಿ ತೋಟಗಳನ್ನು ಹುಡುಕಿ ಕಡಿಯುವ ಕಾರ್ಯಾಚರಣೆ ನಡೆಯಿತು. ಬೆಳೆಗಾರರು ನೆಲಮಾಳಿಗೆಗಳಿಗೆ ಸರಿದರು. ಕಾನೂನು ಸಡಿಲವಾದ ಮೇಲೂ ಅವರು ಹೊರಗೆ ಬಂದದ್ದು ಕಡಿಮೆ. ವರ್ಷವಿಡೀ ಕೊಯ್ಲು, ಒಂದೇ ಸಮನಾದ ಗುಣಮಟ್ಟ, ಕಳ್ಳತನದ ಭಯ, ವಾಸನೆಯ ಬಗೆಗಿನ ಸ್ಥಳೀಯ ನಿಯಮಗಳು ಬೇಸಾಯವನ್ನು ಗೋದಾಮುಗಳಲ್ಲೇ ಉಳಿಸಿದವು. ಸೂರ್ಯ ಪುಕ್ಕಟೆ ಮಾಡುತ್ತಿದ್ದ ಕೆಲಸಕ್ಕೆ ಇಲ್ಲಿ ಮೀಟರು ಓಡಬೇಕು.

ಶಾಖದ ಲೆಕ್ಕ: ಕೋಣೆಯೊಳಗೆ ಬಂದ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುತ್ತದೆ. ದ್ಯುತಿಸಂಶ್ಲೇಷಣೆಯಲ್ಲಿ ಗಿಡ ಹಿಡಿದಿಟ್ಟುಕೊಳ್ಳುವ ಪಾಲು ತೀರ ಸಣ್ಣದು. ಒಂದು ಕಿಲೋವಾಟ್ ಎಂದರೆ ಗಂಟೆಗೆ 3,412 ಬಿಟಿಯು ಶಾಖ. ಒಂದು ಟನ್ ಹವಾನಿಯಂತ್ರಕ ಹೊರಹಾಕುವುದು ಗಂಟೆಗೆ 12,000 ಬಿಟಿಯು, ಅಂದರೆ ಸುಮಾರು 3.5 ಕಿಲೋವಾಟ್. ದಶಕಗಳ ಕಾಲ ಈ ಬೇಸಾಯದ ಮುಖ್ಯ ದೀಪವಾಗಿದ್ದ 1,000 ವಾಟ್‌ನ ಸೋಡಿಯಂ ದೀಪ, ಹಳೆಯ ಕಾಂತೀಯ ಬ್ಯಾಲಸ್ಟ್ (ದೀಪದ ಪ್ರವಾಹವನ್ನು ಹದದಲ್ಲಿಡುವ ಸಾಧನ) ಸೇರಿ, ಸುಮಾರು 1,100 ವಾಟ್ ಸೆಳೆಯುತ್ತದೆ. ಅಂಥ ಹತ್ತು ದೀಪಗಳಿದ್ದರೆ ಅವುಗಳ ಶಾಖವನ್ನು ಕಳೆಯುವುದಕ್ಕೇ ಮೂರು ಟನ್ನಿಗೂ ಮಿಗಿಲಾದ ಹವಾನಿಯಂತ್ರಣ ಬೇಕು. ಆ ಯಂತ್ರಕ್ಕೆ ಬೇಕಾದ ವಿದ್ಯುತ್ತು ಬೇರೆ. ಹೀಗಾಗಿ ಶಾಖವನ್ನೂ ವಿದ್ಯುತ್ ಹೊರೆಯನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಿದರೆ ಎರಡೂ ತಪ್ಪುತ್ತವೆ. ಬ್ಯಾಲಸ್ಟನ್ನು ಕೋಣೆಯ ಹೊರಗಿಡುವುದು, ದೀಪಕ್ಕೆ ಗಾಜಿನ ಮುಚ್ಚಳ ಹಾಕಿ ಕೊಳವೆಯ ಮೂಲಕ ಬಿಸಿಗಾಳಿಯನ್ನು ಎಳೆದುಬಿಡುವುದು ಹಳೆಯ ಉಪಾಯಗಳು.

ಹೊಸಬರು ಮರೆಯುವ ಅಂಶ ನೀರು. ಎಲೆಯ ಮೇಲೆ ಬಿದ್ದ ಬೆಳಕಿನ ಶಕ್ತಿಯಲ್ಲಿ ಹೆಚ್ಚಿನದು ಬಾಷ್ಪವಿಸರ್ಜನೆಗೆ ವೆಚ್ಚವಾಗುತ್ತದೆ. ಬೇರಿಗೆ ಹನಿಸಿದ ನೀರಿನ ಬಹುಪಾಲು ಆವಿಯಾಗಿ ಗಾಳಿಗೆ ಸೇರುತ್ತದೆ. ಮುಚ್ಚಿದ ಕೋಣೆಯಲ್ಲಿ ಅಷ್ಟನ್ನೂ ಯಂತ್ರವೇ ಹಿಂದಕ್ಕೆ ತೆಗೆಯಬೇಕು. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 0.68 ಯೂನಿಟ್‌ನಷ್ಟು ಶಕ್ತಿಯನ್ನು ಗುಪ್ತೋಷ್ಣವಾಗಿ ಒಯ್ಯುತ್ತದೆ. ಕೋಣೆಯಲ್ಲೇ ನಿಂತ ಡಿಹ್ಯುಮಿಡಿಫೈಯರ್ ಆ ಆವಿಯನ್ನು ನೀರಾಗಿಸಿದಾಗ ಅಷ್ಟೂ ಶಾಖ, ಜೊತೆಗೆ ಯಂತ್ರದ ಕಂಪ್ರೆಸರ್ ಬಳಸಿದ ವಿದ್ಯುತ್ತಿನ ಶಾಖ, ಮರಳಿ ಕೋಣೆಗೇ ಬೀಳುತ್ತದೆ. ಅದನ್ನು ಹೊರಹಾಕುವ ಕೆಲಸ ಹವಾನಿಯಂತ್ರಕದ ಪಾಲಿಗೆ.

ದೀಪ ಆರಿದ ಮೊದಲ ಗಂಟೆಗಳು ಅತ್ಯಂತ ಅಪಾಯದವು. ಉಷ್ಣತೆ ಥಟ್ಟನೆ ಇಳಿಯುತ್ತದೆ, ಗಾಳಿಯ ತೇವ ಹಾಗೇ ಉಳಿದಿರುತ್ತದೆ, ಸಾಪೇಕ್ಷ ಆರ್ದ್ರತೆ ಏರುತ್ತದೆ. ದಟ್ಟವಾದ ಹೂಗೊಂಚಲಿನೊಳಗೆ ಬೊಟ್ರೈಟಿಸ್ ಶಿಲೀಂಧ್ರ ನೆಲೆಯೂರಿ ಬೂದುಬಣ್ಣದ ಕೊಳೆ ತರಲು ಇದೇ ಸಮಯ. ಉಷ್ಣತೆ ಇಳಿದ ಕಾರಣ ಹವಾನಿಯಂತ್ರಕ ತಾನಾಗಿ ನಿಂತಿರುವುದರಿಂದ ತೇವ ತೆಗೆಯಲು ಪ್ರತ್ಯೇಕ ಯಂತ್ರ ಓಡುತ್ತಲೇ ಇರಬೇಕು.

ಎಲ್‌ಇಡಿ ದೀಪಗಳು ಈ ಲೆಕ್ಕವನ್ನು ಬದಲಿಸಿವೆ. ಉತ್ತಮ ಸೋಡಿಯಂ ದೀಪ ಪ್ರತಿ ಜೂಲ್ ವಿದ್ಯುತ್ತಿಗೆ ಸುಮಾರು 1.7 ಮೈಕ್ರೊಮೋಲ್ (ಬೆಳಕಿನ ಕಣಗಳ ಎಣಿಕೆಯ ಅಳತೆ) ಬೆಳಕು ಕೊಟ್ಟರೆ, ಉತ್ತಮ ಎಲ್‌ಇಡಿ 2.5ರಿಂದ 3 ಮೈಕ್ರೊಮೋಲ್ ಕೊಡುತ್ತದೆ. ಅಷ್ಟೇ ಬೆಳಕಿಗೆ ದೀಪದ ಹೊರೆ ಸುಮಾರು ಮೂರನೆಯ ಒಂದು ಭಾಗದಷ್ಟು ಅಥವಾ ಅದಕ್ಕಿಂತ ಹೆಚ್ಚು ತಗ್ಗುತ್ತದೆ. ಆದರೆ ಗಿಡಗಳು ಬಿಡುವ ನೀರಾವಿ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಅವಕೆಂಪು ಕಿರಣ ಕಡಿಮೆಯಾಗಿ ಎಲೆ ತಂಪಾಗಿರುವುದರಿಂದ ಬೆಳೆಗಾರರು ಕೋಣೆಯ ಉಷ್ಣತೆಯನ್ನು ಕೊಂಚ ಏರಿಸುತ್ತಾರೆ. ತಂಪುಗೊಳಿಸುವ ಕೆಲಸ ಕಡಿಮೆಯಾಗಿ ತೇವ ತೆಗೆಯುವ ಕೆಲಸವೇ ಮುಖ್ಯವಾಗುತ್ತದೆ. ದೀಪ ಮಾತ್ರ ಬದಲಿಸಿ ಹಳೆಯ ಹವಾನಿಯಂತ್ರಕವನ್ನೇ ನೆಚ್ಚಿಕೊಂಡ ಕೋಣೆಗಳಲ್ಲಿ ತೇವದ ತೊಂದರೆ ಕಾಣಿಸಿಕೊಳ್ಳುವುದು ಇದರಿಂದಲೇ.

ವಿದ್ಯುತ್ ಹೊರೆ: ಬೆಳವಣಿಗೆಯ ಹಂತದಲ್ಲಿ ಸಾಮಾನ್ಯವಾಗಿ ದಿನಕ್ಕೆ 18 ಗಂಟೆ, ಹೂಬಿಡುವ ಹಂತದಲ್ಲಿ 12 ಗಂಟೆ ದೀಪ ಉರಿಯುತ್ತದೆ. ಅಮೆರಿಕದ ವಿದ್ಯುತ್ ಸಂಹಿತೆ ಮೂರು ಗಂಟೆ ಅಥವಾ ಹೆಚ್ಚು ಹೊತ್ತು ಎಡೆಬಿಡದೆ ಸೆಳೆಯುವ ಹೊರೆಯನ್ನು ನಿರಂತರ ಹೊರೆ ಎಂದು ಗಣಿಸುತ್ತದೆ; ಸಾಮಾನ್ಯ ಬ್ರೇಕರಿನಲ್ಲಿ ಅದು ಶೇ. 80ನ್ನು ಮೀರುವಂತಿಲ್ಲ. 120 ವೋಲ್ಟ್, 15 ಆಂಪಿಯರ್‌ನ ಮಾಮೂಲಿ ಮನೆ ಸರ್ಕ್ಯೂಟಿನಲ್ಲಿ ಇದು 1,440 ವಾಟ್. ಒಂದು ದೊಡ್ಡ ದೀಪ, ಒಂದು ಫ್ಯಾನು ಅಷ್ಟಕ್ಕೇ ಅದು ತುಂಬಿಹೋಗುತ್ತದೆ. 240 ವೋಲ್ಟ್‌ಗೆ ಹೋದರೆ ಅದೇ ದೀಪಕ್ಕೆ ಅರ್ಧ ವಿದ್ಯುತ್ಪ್ರವಾಹ ಸಾಕು, ಅದೇ ತಂತಿಯಲ್ಲಿ ಹುಟ್ಟುವ ಶಾಖ ಕಾಲು ಭಾಗಕ್ಕಿಳಿಯುತ್ತದೆ. ಎಲೆಕ್ಟ್ರಾನಿಕ್ ಬ್ಯಾಲಸ್ಟುಗಳು ಹುಟ್ಟಿಸುವ ಹಾರ್ಮೋನಿಕ್ ಪ್ರವಾಹಗಳು ಮೂರು ಫೇಸಿನ ವ್ಯವಸ್ಥೆಯಲ್ಲಿ ನ್ಯೂಟ್ರಲ್ ತಂತಿಯನ್ನು ಕಾಯಿಸಬಲ್ಲವು.

ಎಲ್ಲ ದೀಪಗಳೂ ಒಂದೇ ಕ್ಷಣಕ್ಕೆ ಹತ್ತಿಕೊಂಡರೆ ಮೊದಲ ಸೆಳೆತಕ್ಕೇ ಬ್ರೇಕರ್ ಬೀಳಬಹುದು. ಅದಕ್ಕಾಗಿ ಸಾಲುಸಾಲಾಗಿ ತಡವಿಟ್ಟು ಹೊತ್ತಿಸುತ್ತಾರೆ. ಗರಿಷ್ಠ ಬೇಡಿಕೆಗೆ ಪ್ರತ್ಯೇಕ ಶುಲ್ಕ ತೆರುವ ದೊಡ್ಡ ಘಟಕಗಳು ಹೂಬಿಡುವ ಕೋಣೆಗಳನ್ನು ಎರಡು ಗುಂಪಾಗಿಸಿ, ಒಂದಕ್ಕೆ ಹಗಲಾದಾಗ ಇನ್ನೊಂದಕ್ಕೆ ಇರುಳಾಗುವಂತೆ 12 ಗಂಟೆಗಳ ಸರದಿ ಹಾಕುತ್ತವೆ. ದೀಪಗಳ ಒಟ್ಟು ಶಿಖರ ಅರ್ಧಕ್ಕಿಳಿಯುತ್ತದೆ. ಸಣ್ಣವರು ರಾತ್ರಿಯೇ ದೀಪ ಉರಿಸಿ ತಂಪಾದ ಹೊರಗಾಳಿಯ ಲಾಭ ಪಡೆಯುತ್ತಾರೆ.

ತೊಂದರೆ ಗೋಡೆಯಾಚೆಗೂ ಹರಡುತ್ತದೆ. ಬೀದಿಯ ಟ್ರಾನ್ಸ್‌ಫಾರ್ಮರಿನ ಗಾತ್ರ ನಿರ್ಧರಿಸುವಾಗ ಎಲ್ಲ ಮನೆಗಳೂ ಏಕಕಾಲಕ್ಕೆ ಪೂರ್ತಿ ವಿದ್ಯುತ್ ಬಳಸುವುದಿಲ್ಲ, ರಾತ್ರಿ ಅದಕ್ಕೆ ತಣಿಯಲು ಬಿಡುವು ಸಿಗುತ್ತದೆ ಎಂದು ಎಣಿಸಿರುತ್ತಾರೆ. ಗಂಟೆಗಟ್ಟಲೆ ಒಂದೇ ಸಮನೆ ಸೆಳೆಯುವ ಬೆಳೆಕೋಣೆ ಆ ಎಣಿಕೆಯನ್ನೇ ಕೆಡಿಸುತ್ತದೆ. ಆರೆಗನ್ ರಾಜ್ಯದ ಪೋರ್ಟ್‌ಲೆಂಡ್‌ನಲ್ಲಿ 2015ರಲ್ಲಿ ಇಂಥ ಕಾರಣಕ್ಕೆ ಹಲವು ಸಲ ವಿದ್ಯುತ್ ಕಡಿತವಾದದ್ದನ್ನು ಅಲ್ಲಿನ ವಿದ್ಯುತ್ ಕಂಪನಿ ವರದಿ ಮಾಡಿತು. ಕೆನಡದ ಬ್ರಿಟಿಷ್ ಕೊಲಂಬಿಯದಲ್ಲಿ ಮೀಟರನ್ನು ತಪ್ಪಿಸಿ ತಂತಿ ಎಳೆದ ಅಕ್ರಮ ಕೋಣೆಗಳು ಬೆಂಕಿಗೆ ಕಾರಣವಾಗುತ್ತಿದ್ದವು. ಅಲ್ಲಿನ 2006ರ ಕಾನೂನು ತಿದ್ದುಪಡಿ, ದಿನಕ್ಕೆ 93 ಯೂನಿಟ್ ಮೀರಿ ಬಳಸುವ ಮನೆಗಳ ವಿಳಾಸವನ್ನು ನಗರಸಭೆಗಳು ವಿದ್ಯುತ್ ಕಂಪನಿಯಿಂದ ಪಡೆದು ಸುರಕ್ಷತಾ ತಪಾಸಣೆ ನಡೆಸಲು ದಾರಿ ಮಾಡಿತು.

ಹೊರಬೀಳುವ ಶಾಖವೇ ಸಾಕ್ಷಿಯಾದದ್ದೂ ಉಂಟು. ಆರೆಗನ್‌ನ ಫ್ಲಾರೆನ್ಸ್ ಊರಿನಲ್ಲಿ 1992ರಲ್ಲಿ ಪೊಲೀಸರು ಉಷ್ಣಚಿತ್ರಕ ಉಪಕರಣದಿಂದ ಒಂದು ಮನೆಯ ಚಾವಣಿ, ಗೋಡೆಗಳ ಬಿಸಿ ಅಳೆದು ಒಳಗೆ ದೀಪಗಳಿವೆ ಎಂದು ಊಹಿಸಿದರು. ಅದರಿಂದ ಹುಟ್ಟಿದ ಕೈಲೋ ಪ್ರಕರಣದಲ್ಲಿ 2001ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ವಾರಂಟ್ ಇಲ್ಲದ ಅಂಥ ಪರೀಕ್ಷೆ ಸಂವಿಧಾನವಿರೋಧಿ ಎಂದು 5–4ರ ಬಹುಮತದಿಂದ ತೀರ್ಪಿತ್ತಿತು. ಮನೆಯ ಖಾಸಗಿತನದ ವಿಚಾರದಲ್ಲಿ ಈ ತೀರ್ಪಿನ ತೂಕ ದೊಡ್ಡದು.

ಪರಿಣಾಮ ಮತ್ತು ನಿಯಂತ್ರಣ: ಇಂಧನ ಸಂಶೋಧಕ ಇವಾನ್ ಮಿಲ್ಸ್ 2012ರಲ್ಲಿ ಪ್ರಕಟಿಸಿದ ಅಧ್ಯಯನ, ಅಮೆರಿಕದ ಒಟ್ಟು ವಿದ್ಯುತ್ ಬಳಕೆಯಲ್ಲಿ ಶೇ. 1ರಷ್ಟು ಒಳಾಂಗಣ ಗಾಂಜಾ ಬೇಸಾಯಕ್ಕೆ ಹೋಗುತ್ತಿದೆಯೆಂದು ಅಂದಾಜಿಸಿತು. ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರ 2021ರ ಅಧ್ಯಯನದಂತೆ ಒಂದು ಕಿಲೋ ಒಣ ಹೂವಿನ ಹಿಂದೆ, ಸ್ಥಳವನ್ನು ಅವಲಂಬಿಸಿ, 2,283ರಿಂದ 5,184 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹಸಿರುಮನೆ ಅನಿಲ ಹೊರಬೀಳುತ್ತದೆ. ಅದೇ ದೀಪ, ಅದೇ ಗಿಡವಿದ್ದೂ ಇಷ್ಟು ಅಂತರ ಬರುವುದಕ್ಕೆ ಹೊರಗಿನ ಹವೆ ಮತ್ತು ಆ ಊರಿನ ವಿದ್ಯುತ್ತು ಯಾವುದರಿಂದ ತಯಾರಾಗುತ್ತದೆ ಎಂಬುದೇ ಮುಖ್ಯ ಕಾರಣ. ಬಿಸಿಲು ಧಾರಾಳವಾಗಿರುವಲ್ಲೂ ಈ ಬೆಳೆಯನ್ನು ಗೋದಾಮಿನಲ್ಲಿಡುವ ನಿಯಮಗಳನ್ನು ಸರ್ಕಾರಗಳು ಮರುಪರಿಶೀಲಿಸುವುದು ಅಗತ್ಯ.

ಇಲಿನಾಯ್ ಮತ್ತು ಮ್ಯಾಸಚೂಸೆಟ್ಸ್ ದೊಡ್ಡ ಘಟಕಗಳ ದೀಪದ ಹೊರೆಯನ್ನು ಗಿಡದ ಹರವಿನ ಚದರ ಅಡಿಗೆ 36 ವಾಟ್‌ಗೆ ಸೀಮಿತಗೊಳಿಸಿದವು. ಕೊಲರಾಡೊದ ಬೌಲ್ಡರ್ ಕೌಂಟಿ, ಸ್ಥಳೀಯ ನವೀಕರಿಸಬಹುದಾದ ವಿದ್ಯುತ್ ಬಳಸದ ಬೆಳೆಗಾರರಿಂದ ಯೂನಿಟ್ಟಿಗೆ 2.16 ಸೆಂಟ್ ಶುಲ್ಕವನ್ನು ನಿಧಿಯೊಂದಕ್ಕೆ ಪಡೆಯುವ ಪದ್ಧತಿ ತಂದಿತು. ಕ್ಯಾಲಿಫೋರ್ನಿಯದಲ್ಲಿ 2023ರ ಜನವರಿಯಿಂದ, ದೀಪದ ಹೊರೆ 40 ಕಿಲೋವಾಟ್ ಮೀರುವ ಹೊಸ ಒಳಾಂಗಣ ಘಟಕಗಳಿಗೆ ಪ್ರತಿ ಜೂಲಿಗೆ ಕನಿಷ್ಠ 1.9 ಮೈಕ್ರೊಮೋಲ್, ಗಾಜುಮನೆಗಳಿಗೆ 1.7 ಮೈಕ್ರೊಮೋಲ್ ದಕ್ಷತೆ ಕಡ್ಡಾಯವಾಯಿತು.