ಪಟ್ಟಿಯಲ್ಲಿಲ್ಲದ ಉಪ್ಪು: ನೊಯ್ಯಲ್ ನದಿ ಮತ್ತು ‘ಶುದ್ಧ ಉಡುಪು’

ಬಟ್ಟೆ ತಯಾರಿಕೆಯ ವಿಷಗಳ ಬಗ್ಗೆ ನಡೆಯುತ್ತಿರುವ ಚರ್ಚೆ ಬಹುಪಾಲು ಪಟ್ಟಿಗಳ ಚರ್ಚೆ. ಯಾವ ರಾಸಾಯನಿಕ ನಿಷಿದ್ಧ, ಒಂದು ಕಿಲೋ ಬಟ್ಟೆಯಲ್ಲಿ ಅದು ಎಷ್ಟು ಮಿಲಿಗ್ರಾಂ ಮೀರಬಾರದು ಎಂದು ಹೇಳುವ ಪಟ್ಟಿಗಳು. ತಮಿಳುನಾಡಿನ ತಿರುಪ್ಪೂರಿನಲ್ಲಿ ನೊಯ್ಯಲ್ ನದಿಯನ್ನು ಬೇಸಾಯಕ್ಕೆ ಬಾರದಂತೆ ಕೆಡಿಸಿದ ಮುಖ್ಯ ವಸ್ತು ಇಂಥ ಪಟ್ಟಿಗಳಲ್ಲಿ ಇಲ್ಲ. ಅದು ಉಪ್ಪು. ವಿಷ ಯಾವುದೆಂದು ತೀರ್ಮಾನಿಸುವವರು ಬಟ್ಟೆಯ ಯಾವ ತುದಿಯಲ್ಲಿ ನಿಂತಿದ್ದಾರೆ ಎಂಬ ಪ್ರಶ್ನೆಯನ್ನು ಈ ಉಪ್ಪಿನ ಮೂಲಕವೇ ಕೇಳಬೇಕಾಗಿದೆ.

ಪಟ್ಟಿಗಳ ಚರಿತ್ರೆಯನ್ನೇ ನೋಡಿ. ಫ್ಯೂಕ್ಸಿನ್ ಬಣ್ಣದ ಕಾರ್ಖಾನೆಯ ಕಾರ್ಮಿಕರಲ್ಲಿ ಮೂತ್ರಕೋಶದ ಗಡ್ಡೆಗಳು ಕಾಣಿಸುತ್ತಿವೆ ಎಂದು ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ಲುಡ್ವಿಗ್ ರೆನ್ ವರದಿ ಮಾಡಿದ್ದು 1895ರಲ್ಲಿ. ಕ್ಯಾನ್ಸರ್ ತರುವ ಅಮೀನುಗಳನ್ನು ಬಿಡುವ ಆಜೋ ಬಣ್ಣಗಳು ಉಡುಪಿನಲ್ಲಿ ಇರಕೂಡದು ಎಂದು ಜರ್ಮನಿ ಕಾನೂನು ಮಾಡಿದ್ದು 1990ರ ದಶಕದಲ್ಲಿ. ಅದರ ಬೆನ್ನಿಗೆ 1997ರಲ್ಲಿ ಭಾರತವೂ 70 ಆಜೋ ಬಣ್ಣಗಳನ್ನು ನಿಷೇಧಿಸಿತು. 2002ರಲ್ಲಿ ಯುರೋಪಿನ ಒಕ್ಕೂಟ ಅಂಥ 22 ಅಮೀನುಗಳಿಗೆ ಕಿಲೋಗೆ 30 ಮಿಲಿಗ್ರಾಂ ಎಂಬ ಮಿತಿ ಹಾಕಿತು. ಕಾಯಿಲೆ ಬಿದ್ದವನು ಬಣ್ಣ ಮಾಡುವವನು. ಕಾನೂನು ಬಂದದ್ದು ಉಡುವವನ ಚರ್ಮದ ಹೆಸರಿನಲ್ಲಿ.

2011ರಲ್ಲಿ ಗ್ರೀನ್‌ಪೀಸ್ ಆರಂಭಿಸಿದ ‘ಡಿಟಾಕ್ಸ್’ ಅಭಿಯಾನ ಈ ನೋಟವನ್ನು ಸ್ವಲ್ಪ ತಿರುಗಿಸಿತು, ಅದನ್ನು ಒಪ್ಪಬೇಕು. ಅದು ಬೊಟ್ಟುಮಾಡಿದ್ದು ಚೀನಾದ ನದಿಗಳಿಗೆ ಬೀಳುವ ಕಾರ್ಖಾನೆಯ ಕೊಳವೆಗಳನ್ನು. ಪ್ಯೂಮಾ, ನೈಕಿ, ಅಡಿಡಾಸ್ ಕಂಪನಿಗಳು ಅದೇ ವರ್ಷ ಮಾತು ಕೊಟ್ಟವು. ಆದರೂ ಬಟ್ಟೆ ತೊಳೆಯಲು ಬಳಸುವ ನೊನೈಲ್‌ಫಿನಾಲ್ ಇಥಾಕ್ಸಿಲೇಟಿನ ಕಥೆ ಕುತೂಹಲದ್ದು. ಇದು ನೀರಿನಲ್ಲಿ ಒಡೆದು, ಹಾರ್ಮೋನಿನಂತೆ ವರ್ತಿಸುವ ನೊನೈಲ್‌ಫಿನಾಲ್ ಆಗುತ್ತದೆ. ಯುರೋಪು ತನ್ನ ಕಾರ್ಖಾನೆಗಳಲ್ಲಿ ಇದನ್ನು ನಿರ್ಬಂಧಿಸಿದ್ದು 2003ರ ಕಾನೂನಿನಿಂದ. ಹೊರಗಿನಿಂದ ತರಿಸುವ ಬಟ್ಟೆಗೆ ಮಿತಿ ಜಾರಿಗೆ ಬಂದದ್ದು 2021ರಲ್ಲಿ. ತರಿಸಿದ ಬಟ್ಟೆಯನ್ನು ಮನೆಯಲ್ಲಿ ಒಗೆದಾಗ ಅದು ತಮ್ಮ ನದಿಗಳಿಗೇ ಸೇರುತ್ತದೆ ಎಂಬುದು ಆ ಮಿತಿಗೆ ಕೊಟ್ಟ ಕಾರಣ.

ಉಪ್ಪಿಗೆ ಇಂಥ ವಕೀಲರಿಲ್ಲ, ಏಕೆಂದರೆ ಅದು ಬಟ್ಟೆಯ ಜೊತೆ ಹಡಗು ಹತ್ತುವುದೇ ಇಲ್ಲ. ಹತ್ತಿ ನೀರಿಗೆ ಬಿದ್ದೊಡನೆ ಅದರ ಮೈಮೇಲೆ ಋಣ ವಿದ್ಯುದಂಶ ಕೂರುತ್ತದೆ. ರಿಯಾಕ್ಟಿವ್ ಬಣ್ಣದ ಕಣಕ್ಕೂ ಅದೇ ಋಣಾಂಶ. ಎರಡೂ ಒಂದನ್ನೊಂದು ತಳ್ಳುತ್ತವೆ. ಈ ಜಗಳ ಬಿಡಿಸಲು ಬಣ್ಣದ ನೀರಿಗೆ ಅಡುಗೆ ಉಪ್ಪನ್ನೋ ಗ್ಲಾಬರ್ ಲವಣವನ್ನೋ ಸುರಿಯುತ್ತಾರೆ. ಬಣ್ಣ ನೂಲಿಗೆ ಅಂಟಿದ ಮೇಲೆ ಸೋಡಾ ಆಶ್ ಹಾಕಿ ಬೆಸುಗೆ ಗಟ್ಟಿ ಮಾಡುತ್ತಾರೆ. ಗಾಢ ಬಣ್ಣಕ್ಕೆ ಲೀಟರಿಗೆ 60 ಗ್ರಾಂ ಉಪ್ಪು, ಕಿಲೋ ಬಟ್ಟೆಗೆ 8 ಲೀಟರ್ ನೀರು ಎಂದು ಹಿಡಿದರೆ ಕಿಲೋ ಬಟ್ಟೆಗೆ 480 ಗ್ರಾಂ ಉಪ್ಪಾಯಿತು. 200 ಗ್ರಾಂ ತೂಗುವ ಒಂದು ಕಪ್ಪು ಟೀ ಶರ್ಟಿನ ಹಿಂದೆ ಸುಮಾರು 96 ಗ್ರಾಂ. ಹೆಚ್ಚು ನೀರು ಬೇಡುವ ಹಳೆಯ ವಿಂಚ್ ಯಂತ್ರಗಳಲ್ಲಿ ಈ ಲೆಕ್ಕ ಇನ್ನೂ ಏರುತ್ತದೆ. ಬಣ್ಣದ ಒಂದಷ್ಟು ಪಾಲಾದರೂ ಬಟ್ಟೆಯಲ್ಲಿ ಉಳಿಯುತ್ತದೆ. ಉಪ್ಪು ಮಾತ್ರ ತನ್ನ ಕೆಲಸ ಮುಗಿಸಿ ಹೆಚ್ಚುಕಡಿಮೆ ಪೂರ್ತಿಯಾಗಿ ಚರಂಡಿಗೆ ಹೋಗುತ್ತದೆ.

ವೆಳ್ಳಿಂಗಿರಿ ಬೆಟ್ಟಗಳಲ್ಲಿ ಹುಟ್ಟಿ ಕರೂರು ಜಿಲ್ಲೆಯಲ್ಲಿ ಕಾವೇರಿ ಸೇರುವ ನೊಯ್ಯಲ್‌ಗೆ ತಿರುಪ್ಪೂರಿನ ಕೆಳಗೆ ಒರತ್ತುಪಾಳಯಂ ಎಂಬಲ್ಲಿ 1992ರಲ್ಲಿ ಅಣೆಕಟ್ಟು ಕಟ್ಟಿದರು. ಸುಮಾರು 20,000 ಎಕರೆಗೆ ನೀರುಣಿಸುವ ಯೋಜನೆ ಅದು. ತಮಿಳಿನಲ್ಲಿ ‘ಸಾಯಪ್ಪಟ್ಟರೈ’ ಎನ್ನುವ ಬಣ್ಣದ ಘಟಕಗಳ ನೀರು ಬಂದು ಅಲ್ಲಿ ನಿಂತಿತು. ನೀರು ಬಿಡಿ ಎಂದು ಕೇಳಬೇಕಾದ ಅಚ್ಚುಕಟ್ಟಿನ ರೈತರು ಈ ನೀರು ಬೇಡ ಎಂದು ಕೇಳಬೇಕಾಯಿತು. ಉಪ್ಪು ತಿಂದವನು ನೀರು ಕುಡಿಯಬೇಕು ಎನ್ನುತ್ತೇವೆ; ಇಲ್ಲಿ ತಿಂದವರು ಬೇರೆ, ಕುಡಿದವರು ಬೇರೆ. 1990ರ ದಶಕದ ಕೊನೆಗೆ ಎದ್ದ ಸಾಮೂಹಿಕ ಶುದ್ಧೀಕರಣ ಘಟಕಗಳು ಸುಣ್ಣ, ಫೆರಸ್ ಸಲ್ಫೇಟ್ ಹಾಕಿ ಬಣ್ಣವನ್ನು ಕೆಸರಾಗಿ ಇಳಿಸಿದವು. ನೀರು ತಿಳಿಯಾಯಿತು, ಉಪ್ಪು ಹಾಗೆಯೇ ಹರಿಯಿತು. ನದಿಗೆ ಬಿಡುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 2,100 ಮಿಲಿಗ್ರಾಂ ಮೀರಬಾರದೆಂಬ ನಿಯಮ ಕಾಗದದಲ್ಲಿತ್ತು. ನನ್ನ ಮಟ್ಟಿಗೆ ಈ ಪ್ರಕರಣದ ಅತಿ ದೊಡ್ಡ ಪಾಠ ಈ ತಿಳಿನೀರು. ಕಣ್ಣಿಗೆ ಕಾಣುವ ಕೊಳೆ ಹೋದದ್ದನ್ನೇ ಶುದ್ಧಿ ಎಂದು ಬಗೆದದ್ದು ಇಲ್ಲಿ.

ನೊಯ್ಯಲ್ ಅಚ್ಚುಕಟ್ಟುದಾರರ ಸಂಘದ ಮೊಕದ್ದಮೆಯಲ್ಲಿ ಮದ್ರಾಸ್ ಹೈಕೋರ್ಟ್ 2006ರಲ್ಲಿ ಆದೇಶ ಕೊಟ್ಟಿತು. 2009ರಲ್ಲಿ ಸುಪ್ರೀಂ ಕೋರ್ಟ್, ಕೆಡಿಸಿದವರೇ ತೆರಬೇಕು ಎಂಬ ತತ್ತ್ವವನ್ನು ಎತ್ತಿಹಿಡಿಯಿತು. ಆದರೂ ಹರಿವು ನಿಲ್ಲದೆ 2011ರ ಜನವರಿಯಲ್ಲಿ ಹೈಕೋರ್ಟ್ ಬಣ್ಣದ ಮತ್ತು ಬ್ಲೀಚಿಂಗ್ ಘಟಕಗಳನ್ನೆಲ್ಲ ಮುಚ್ಚಿಸಿತು. ಒಂದು ಹನಿಯನ್ನೂ ಹೊರಬಿಡದ ವ್ಯವಸ್ಥೆ ತಿರುಪ್ಪೂರಿಗೆ ಬಂದದ್ದು ಹೀಗೆ, ಬ್ರ್ಯಾಂಡುಗಳ ಪಟ್ಟಿಯಿಂದಲ್ಲ.

ಕರ್ನಾಟಕದ ಓದುಗರು ದೂರ ನಿಂತು ನೋಡುವಂತಿಲ್ಲ. ಕಾವೇರಿ ಎಂದೊಡನೆ ನಮಗೆ ಟಿಎಂಸಿ ನೆನಪಾಗುತ್ತದೆ, ನೀರಿನ ಗುಣ ನೆನಪಾಗುವುದಿಲ್ಲ. ಬೆಂಗಳೂರಿನ ಕೊಳೆಯನ್ನು ಹೊತ್ತ ವೃಷಭಾವತಿಯೂ ಅರ್ಕಾವತಿಯ ಮೂಲಕ ಅದೇ ಕಾವೇರಿಗೆ ಸೇರುತ್ತದೆ. ನಮ್ಮ ಗಾರ್ಮೆಂಟ್ಸ್‌ಗಳಲ್ಲಿ ಹೆಣ್ಣುಮಕ್ಕಳು ಹೊಲಿಯುವ ಬಟ್ಟೆ ಎಷ್ಟೋ ಸಲ ಬೇರೆ ಊರಿನಲ್ಲಿ ಬಣ್ಣ ಕಂಡು ಬಂದದ್ದು. ಹೊಲಿಗೆಯ ಊರಿಗೆ ಆ ನದಿಯ ಪರಿಚಯವಿರುವುದಿಲ್ಲ.

ತಿರುಪ್ಪೂರಿನಲ್ಲಿ ಈಗ ಬಣ್ಣದ ನೀರು ರಿವರ್ಸ್ ಆಸ್ಮೋಸಿಸ್ ಪೊರೆಗಳ ಮೂಲಕ ಹಾಯ್ದು ಮತ್ತೆ ಬಣ್ಣದ ಯಂತ್ರಕ್ಕೆ ಬರುತ್ತದೆ. ಉಳಿದ ಗಟ್ಟಿ ಉಪ್ಪುನೀರನ್ನು ಕುದಿಸಿ ಆವಿಯಾಗಿಸುತ್ತಾರೆ. ಬಾಯ್ಲರಿಗೆ ಸೌದೆ ಬೇಕು, ಪಂಪುಗಳಿಗೆ ಕರೆಂಟು ಬೇಕು. ತಂಪಾಗಿಸಿದಾಗ ಗ್ಲಾಬರ್ ಲವಣ ಹರಳುಗಟ್ಟುತ್ತದೆ, ಅದನ್ನು ಮತ್ತೆ ಬಳಸಬಹುದು. ಕೊನೆಯಲ್ಲಿ ಉಳಿಯುವುದು ಕ್ಲೋರೈಡ್, ಸಲ್ಫೇಟ್ ಕಲಸಿದ ಮಿಶ್ರ ಉಪ್ಪು. ಅದು ಅಡುಗೆಗೂ ಆಗದು, ಬಣ್ಣಕ್ಕೂ ಆಗದು. ಮಳೆಗೆ ಕರಗಿದರೆ ಮತ್ತೆ ಹೊಳೆಗೇ ಹೋಗುವ ಅದನ್ನು ಚೀಲಕ್ಕೆ ತುಂಬಿ, ಘಟಕಗಳ ಹಿಂದಿನ ಶೆಡ್ಡುಗಳಲ್ಲಿ ಒಂದರ ಮೇಲೊಂದು ಪೇರಿಸಿಟ್ಟಿರುತ್ತಾರೆ.