ಡೋರ್ನಕಲ್‌ನ ಬಿಷಪ್ ಕೇಳಿದ್ದೇನು?

ಸಿಕಂದರಾಬಾದಿನಿಂದ ವಿಜಯವಾಡದ ಕಡೆ ಹೋಗುವ ರೈಲಿನಲ್ಲಿ ಕುಳಿತರೆ ವರಂಗಲ್, ಮಹಬೂಬಾಬಾದ್ ದಾಟಿದ ಮೇಲೆ ಡೋರ್ನಕಲ್ ಎಂಬ ಜಂಕ್ಷನ್ ಸಿಗುತ್ತದೆ. ಕೊತ್ತಗೂಡೆಂ ಕಡೆಯ ಕಲ್ಲಿದ್ದಲ ಸೀಮೆಗೆ ಹಳಿ ಕವಲೊಡೆಯುವುದು ಇಲ್ಲೇ. ಹೆಚ್ಚಿನ ಪ್ರಯಾಣಿಕರಿಗೆ ಈ ಊರು ಗೊತ್ತಿರುವುದು ಅಷ್ಟಕ್ಕೇ. ಆದರೆ ನೂರು ವರ್ಷದ ಹಿಂದೆ, ಇದು ನಿಜಾಮರ ಹೈದರಾಬಾದ್ ಸಂಸ್ಥಾನದ ಒಂದು ಮೂಲೆಯಾಗಿದ್ದಾಗ, ಇಂಗ್ಲೆಂಡಿನ ಚರ್ಚುಗಳಲ್ಲಿ ಇದರ ಹೆಸರು ಕೇಳಿಬರುತ್ತಿತ್ತು. ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯ ಇದ್ದ ಊರು ಇದು.

ನಾನು ಅಜರಯ್ಯನವರ ಬಳಿಗೆ ಬಂದದ್ದು ಭಕ್ತಿಯ ದಾರಿಯಿಂದಲ್ಲ, ಪದಕೋಶದ ದಾರಿಯಿಂದ. ಅನುವಾದಕ್ಕೆ ಬಂದ ಬರಹವೊಂದರಲ್ಲಿ ಕ್ರೈಸ್ತ ಸೇವೆಯ ಬಗ್ಗೆ ಹೇಳುತ್ತ ‘ಜೀಲ್’ ಮತ್ತು ‘ಕಂಪ್ಯಾಷನ್’ ಎಂಬ ಎರಡು ಪದಗಳನ್ನು ಪಕ್ಕಪಕ್ಕದಲ್ಲೇ ಇಟ್ಟಿದ್ದರು. ಎರಡನೆಯದು ಕಷ್ಟವಾಗಲಿಲ್ಲ. ಸುವಾರ್ತೆಗಳಲ್ಲಿ ಯೇಸು ಜನರನ್ನು ಕಂಡು ಮರುಗಿದ ಎನ್ನುವಲ್ಲಿ ಬರುವ ಗ್ರೀಕ್ ಕ್ರಿಯಾಪದ ಹುಟ್ಟಿದ್ದು ‘ಒಳಗಿನ ಅಂಗಗಳು, ಕರುಳು’ ಎಂಬ ಅರ್ಥದ ಪದದಿಂದ. ‘ಕರುಳು ಚುರುಕ್ಕೆಂದಿತು’ ಎನ್ನುವ ಕನ್ನಡಕ್ಕೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡ ಬೈಬಲ್ ಅಲ್ಲಿ ‘ಕನಿಕರ’ವನ್ನು ಬಳಸಿಕೊಂಡಿದೆ.

ತೊಡಕಾದದ್ದು ಮೊದಲನೆಯ ಪದ. ಉತ್ಸಾಹ ಎಂದರೆ ಸಪ್ಪೆ, ಆವೇಶ ಎಂದರೆ ಮೈಮೇಲೆ ಬಂದಂತೆ. ಅದರ ಮೂಲವಾದ ‘ಜೇಲೊಸ್’ ಎಂಬ ಗ್ರೀಕ್ ಪದಕ್ಕೆ ಎರಡು ಮುಖಗಳಿವೆ. ದೇವರ ಕೆಲಸದ ಹುರುಪಿಗೂ ಅದೇ ಮಾತು, ಮತ್ಸರಕ್ಕೂ ಅದೇ ಮಾತು. ಪ್ರೀತಿ ಎಂದರೇನು ಎಂದು ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೆಯ ಅಧ್ಯಾಯ ಬಹಳ ಜನಕ್ಕೆ ಬಾಯಿಪಾಠ. ಪ್ರೀತಿ ಏನು ಮಾಡುವುದಿಲ್ಲ ಎಂದು ಪಟ್ಟಿ ಮಾಡುವಾಗ ಅಲ್ಲಿ ಮೊದಲಿಗೇ ಬರುವುದು ಇದೇ ಬೇರಿನ ಕ್ರಿಯಾಪದ. ಕನ್ನಡದಲ್ಲಿ ಅದು ‘ಹೊಟ್ಟೆಕಿಚ್ಚು’ ಆಗಿದೆ. ಸರಿಯಾದ ಅನುವಾದವೇ. ಆದರೆ ಹುರುಪು ಮತ್ತು ಹೊಟ್ಟೆಕಿಚ್ಚು ಒಂದೇ ಒಲೆಯ ಬೆಂಕಿ ಎಂಬ ಸುಳಿವು ಅನುವಾದದಲ್ಲಿ ಆರಿಹೋಗುತ್ತದೆ.

ಅಜರಯ್ಯನವರ ಬದುಕು ಆ ಸುಳಿವನ್ನು ಮತ್ತೆ ಕೈಗೆ ಕೊಡುತ್ತದೆ.

ಅವರು ಹುಟ್ಟಿದ್ದು 1874ರಲ್ಲಿ, ತಮಿಳುನಾಡಿನ ದಕ್ಷಿಣ ತುದಿಯ ವೆಳ್ಳಾಳನ್‌ವಿಳೈ ಎಂಬ ಹಳ್ಳಿಯಲ್ಲಿ. ತಂದೆ ಹಳ್ಳಿಯ ಪಾದ್ರಿ. ಮಗ ಇಪ್ಪತ್ತು ದಾಟುತ್ತಲೇ ವೈ.ಎಂ.ಸಿ.ಎ.ಯ ಕಾರ್ಯದರ್ಶಿಯಾಗಿ ದಕ್ಷಿಣ ಭಾರತ ಸುತ್ತಿದರು. 1902ರಲ್ಲಿ ಸಿಲೋನಿನ ಜಾಫ್ನಾಕ್ಕೆ ಹೋದಾಗ ಅಲ್ಲಿನ ತಮಿಳು ಕ್ರೈಸ್ತರು ತಮ್ಮದೇ ಹಣದಲ್ಲಿ, ತಮ್ಮದೇ ಜನರನ್ನು ಬೇರೆ ಕಡೆಗೆ ಸೇವೆಗೆ ಕಳಿಸುತ್ತಿದ್ದುದನ್ನು ಕಂಡರು. ಅಷ್ಟು ಹಳೆಯದಾದ, ಅಷ್ಟು ದೊಡ್ಡದಾದ ತಿರುನೆಲ್ವೇಲಿ ಸಭೆ ಈ ಕೆಲಸವನ್ನು ಮಾಡಿಲ್ಲವಲ್ಲ ಎಂಬ ನಾಚಿಕೆ ಹಿಡಿಯಿತು. ಮರುವರ್ಷವೇ, 1903ರಲ್ಲಿ, ತಿರುನೆಲ್ವೇಲಿಯ ಇಂಡಿಯನ್ ಮಿಷನರಿ ಸೊಸೈಟಿ ಶುರುವಾಯಿತು. ವಿದೇಶಿ ಹಣವಿಲ್ಲ, ವಿದೇಶಿ ಯಜಮಾನಿಕೆಯಿಲ್ಲ. ನೆರೆಮನೆಯವರನ್ನು ನೋಡಿ ಹೊತ್ತಿಕೊಂಡ ಕಿಚ್ಚು ಒಳ್ಳೆಯ ಕೆಲಸಕ್ಕೆ ಉರುವಲಾದ ಬಗೆ ಇದು.

ಆ ಸೊಸೈಟಿ ಆರಿಸಿಕೊಂಡ ನೆಲ ನಿಜಾಮರ ಸೀಮೆಯ ಡೋರ್ನಕಲ್. ಪ್ರಾಯ ಮೂವತ್ತು ದಾಟಿದ್ದ ಅಜರಯ್ಯ ತೆಲುಗು ಕಲಿತು, 1909ರಲ್ಲಿ ಪಾದ್ರಿಯ ದೀಕ್ಷೆ ಪಡೆದು ಅಲ್ಲಿಗೆ ಹೋದರು. ಇದನ್ನು ನಾವು ಮರೆಯಬಾರದು: ತೆಲುಗು ಹಳ್ಳಿಗರಿಗೆ ಅವರೂ ಹೊರಗಿನವರೇ. ಭಾಷೆ ಬೇರೆ, ಊಟ ಬೇರೆ, ಜಾತಿ ಬೇರೆ.

ಮರುವರ್ಷದ ಜೂನ್‌ನಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಜಾಗತಿಕ ಮಿಷನರಿ ಸಮ್ಮೇಳನ ನಡೆಯಿತು. 1,200ಕ್ಕೂ ಹೆಚ್ಚು ಪ್ರತಿನಿಧಿಗಳು. ಅವರಲ್ಲಿ ಏಷ್ಯಾದವರು ಇಪ್ಪತ್ತು ಮಂದಿಯೂ ಇರಲಿಲ್ಲ. ಅಧ್ಯಕ್ಷ ಪೀಠದಲ್ಲಿ ಅಮೆರಿಕದ ಜಾನ್ ಮಾಟ್. ಇದೇ ಪೀಳಿಗೆಯಲ್ಲಿ ಇಡೀ ಲೋಕಕ್ಕೆ ಸುವಾರ್ತೆ ಮುಟ್ಟಿಸಬೇಕು ಎಂಬುದು ಆ ಕಾಲದ ಘೋಷಣೆ. ಹುರುಪಿಗೇನೂ ಕೊರತೆಯಿರಲಿಲ್ಲ, ನಕಾಶೆಗಳಿದ್ದವು, ಅಂಕಿಸಂಖ್ಯೆಗಳಿದ್ದವು.

ಅಂಥ ಸಭೆಯಲ್ಲಿ 35 ವರ್ಷದ ಅಜರಯ್ಯ ಮಾತಾಡಿದ್ದು ವಿದೇಶಿ ಮಿಷನರಿಗೂ ಸ್ಥಳೀಯ ಕೆಲಸಗಾರನಿಗೂ ನಡುವಿನ ಸಂಬಂಧದ ಬಗ್ಗೆ. ಅದು ಸಂಬಳ ಕೊಡುವ ಧಣಿಗೂ ಆಳಿಗೂ ಇರುವ ಸಂಬಂಧವಾಗಿದೆ ಎಂದರು. ಒಂದೇ ಮಿಷನ್ನಿನಲ್ಲಿ ವರ್ಷಗಟ್ಟಲೆ ದುಡಿದವರು ಒಬ್ಬರ ಮನೆಗೆ ಇನ್ನೊಬ್ಬರು ಹೋಗಿರುವುದಿಲ್ಲ, ಒಂದು ಮೇಜಿನಲ್ಲಿ ಉಂಡಿರುವುದಿಲ್ಲ. ನಿಮ್ಮ ತ್ಯಾಗವನ್ನು ನಾವು ಮರೆಯುವುದಿಲ್ಲ ಎಂದೂ ಹೇಳಿದರು. ಕೊನೆಗೆ ಪೌಲನ ಅದೇ 13ನೆಯ ಅಧ್ಯಾಯಕ್ಕೆ ಬಂದರು: ಬಡವರಿಗಾಗಿ ನಿಮ್ಮ ಆಸ್ತಿ ಕೊಟ್ಟಿದ್ದೀರಿ, ಸುಡಲೆಂದು ನಿಮ್ಮ ದೇಹವನ್ನೇ ಕೊಟ್ಟಿದ್ದೀರಿ, ಇನ್ನು ಪ್ರೀತಿಯನ್ನೂ ಕೊಡಿ, ನಮಗೆ ಸ್ನೇಹಿತರನ್ನು ಕೊಡಿ ಎಂಬುದು ಆ ಮಾತಿನ ಸಾರ.

ಸಭಿಕರಲ್ಲಿ ಹಲವರಿಗೆ ಇರಿಸುಮುರಿಸಾಯಿತು. ಯಾಕೆಂದರೆ ಅವರು ಕೇಳಿದ್ದು ಹಣವೂ ಅಲ್ಲ, ಮರುಕವೂ ಅಲ್ಲ. ಕನಿಕರಕ್ಕೆ ಒಂದು ಇಳಿಜಾರು ಇರುತ್ತದೆ. ಅದು ಇರುವವನಿಂದ ಇಲ್ಲದವನ ಕಡೆಗೆ ಹರಿಯುತ್ತದೆ, ಹರಿದ ಮೇಲೂ ಇಬ್ಬರೂ ತಂತಮ್ಮ ಎತ್ತರದಲ್ಲೇ ಉಳಿಯಬಹುದು. ಸ್ನೇಹಕ್ಕೆ ಸಮನೆಲ ಬೇಕು. ನಮ್ಮ ಹಳೆಯ ಯೋಗಶಾಸ್ತ್ರವೂ ಬೌದ್ಧರೂ ಮನಸ್ಸಿನ ನಾಲ್ಕು ಭಾವನೆಗಳನ್ನು ಹೇಳುವಾಗ ಮೈತ್ರಿಯನ್ನು ಮೊದಲಿಟ್ಟು ಕರುಣೆಯನ್ನು ಆಮೇಲೆ ಇಟ್ಟದ್ದು ನೆನಪಾಗುತ್ತದೆ.

1912ರ ಡಿಸೆಂಬರ್ 29ರಂದು ಕಲ್ಕತ್ತೆಯ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಅಜರಯ್ಯ ಬಿಷಪ್ ಆದರು. ಭಾರತೀಯನೊಬ್ಬನ ಕೈಕೆಳಗೆ ಕೆಲಸ ಮಾಡುವುದೇ ಎಂಬ ವಿರೋಧ ಕೆಲವು ಮಿಷನರಿಗಳಿಂದ ಬಂದಿತ್ತು. ಮದ್ರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್ ಹಟ ಹಿಡಿದು ನಿಂತದ್ದರಿಂದ ಕೆಲಸ ಆಯಿತು. ಕೇಳುವ ಜಾಗದಲ್ಲಿದ್ದವರು ಈಗ ಕೊಡುವ ಜಾಗಕ್ಕೆ ಬಂದರು. ಎಡಿನ್‌ಬರೋದಲ್ಲಿ ಬೇರೆಯವರಿಗೆ ಹಿಡಿದ ಅಳತೆಗೋಲಿಗೆ ಇನ್ನು ತಾವೇ ನಿಲ್ಲಬೇಕಿತ್ತು.

ಮುಂದಿನ 32 ವರ್ಷ ಅವರು ಎತ್ತಿನ ಗಾಡಿಯಲ್ಲೂ ನಡಿಗೆಯಲ್ಲೂ ಹಳ್ಳಿಗಳನ್ನು ಸುತ್ತಿದರು. ಸಭೆಗೆ ಸೇರಿದವರಲ್ಲಿ ಬಹುಪಾಲು ಜನ ಮಾಲ, ಮಾದಿಗ ಕೇರಿಗಳವರು. 1940ರ ಹೊತ್ತಿಗೆ ಅವರ ಸಂಖ್ಯೆ ಎರಡು ಲಕ್ಷ ದಾಟಿತ್ತು. ಆ ಕೇರಿಗಳಿಂದಲೇ ಉಪದೇಶಿಗಳನ್ನೂ ಪಾದ್ರಿಗಳನ್ನೂ ಬೆಳೆಸಬೇಕೆಂಬುದು ಅವರ ಪಟ್ಟು. ಕಟ್ಟಲು ದಶಕಗಳು ಹಿಡಿದು 1939ರಲ್ಲಿ ಪ್ರತಿಷ್ಠೆಯಾದ ಡೋರ್ನಕಲ್‌ನ ಕೆಥೆಡ್ರಲ್ ದೇಗುಲದ ಕಂಬ, ಮಸೀದಿಯ ಗುಮ್ಮಟಗಳ ನೆನಪು ತರುವಂತಿದೆ. ಇದು ಹೊರಗಿನಿಂದ ತಂದಿಳಿಸಿದ ಧರ್ಮವಲ್ಲ ಎಂದು ಕಲ್ಲಿನಲ್ಲಿ ಹೇಳುವ ಪ್ರಯತ್ನ ಅದು. ಎಲ್ಲವೂ ಗೆದ್ದಿತು ಎನ್ನಲಾರೆ. ಮಾಲ ಮತ್ತು ಮಾದಿಗರ ನಡುವಿನ ಅಂತರ ಚರ್ಚಿನ ಒಳಗೂ ಪೂರ್ತಿ ಕರಗಲಿಲ್ಲ. ಒಂದೇ ಮೇಜಿನ ಊಟ ಕೇಳುವುದು ಸುಲಭ, ಬಡಿಸುವುದು ಕಷ್ಟ.

ದೊಡ್ಡ ಪರೀಕ್ಷೆ ಬಂದದ್ದು 1930ರ ದಶಕದಲ್ಲಿ. 1935ರಲ್ಲಿ ಯೇವಲಾದಲ್ಲಿ ಅಂಬೇಡ್ಕರ್ ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದ ಮೇಲೆ ಮತಾಂತರದ ಚರ್ಚೆ ಕಾವೇರಿತು. ಗಾಂಧೀಜಿಯ ವಾದ ಸ್ಪಷ್ಟವಾಗಿತ್ತು: ಸೇವೆ ಮಾಡುವುದಾದರೆ ಸೇವೆಗಾಗಿಯೇ ಮಾಡಿ, ಆಸ್ಪತ್ರೆಯ ಹಿಂದೆ ಶಾಲೆಯ ಹಿಂದೆ ಮತಾಂತರದ ಗುರಿ ಇಟ್ಟುಕೊಂಡರೆ ಸೇವೆಯೇ ಕಲುಷಿತವಾಗುತ್ತದೆ. ಇದನ್ನು ಸುಲಭಕ್ಕೆ ತಳ್ಳಿಹಾಕಲಾಗದು. ಔಷಧಿ ಹಿಡಿದ ಕೈ ಪ್ರತಿಯಾಗಿ ಏನನ್ನು ಬಯಸುತ್ತಿದೆ ಎಂದು ಕೇಳುವ ಹಕ್ಕು ರೋಗಿಗೆ ಇದೆ.

ಆದರೆ 1936ರಲ್ಲಿ ಇದೇ ಜಾನ್ ಮಾಟ್ ಜೊತೆ ಮಾತಾಡುತ್ತ ಗಾಂಧೀಜಿ, ಅಸ್ಪೃಶ್ಯರಿಗೆ ಸುವಾರ್ತೆ ಹೇಳುವುದನ್ನು ಹಸುವಿಗೆ ಹೇಳುವುದಕ್ಕೆ ಹೋಲಿಸಿದರು. ಆ ಜನರಿಗೆ ಧರ್ಮಗಳನ್ನು ತೂಗಿನೋಡುವ ತಿಳಿವಳಿಕೆ ಇಲ್ಲ ಎಂಬರ್ಥದಲ್ಲಿ. ಅದರಲ್ಲಿ ಕನಿಕರ ಇರಲಿಲ್ಲ ಎಂದಲ್ಲ. ಹಸುವಿನ ಬಗ್ಗೆ ಗಾಂಧೀಜಿಗೆ ಇದ್ದಷ್ಟು ಕನಿಕರ ಯಾರಿಗಿತ್ತು? ಇಲ್ಲದೇ ಹೋದದ್ದು ಎದುರಿಗಿರುವವನಿಗೂ ತನ್ನದೇ ಬುದ್ಧಿಯಿದೆ ಎಂಬ ಸ್ನೇಹದ ಗೌರವ. ಅಜರಯ್ಯನವರ ಉತ್ತರ ನಿಂತದ್ದು ಆ ಗೌರವದ ಮೇಲೆ: ಕೇರಿಯ ಮನುಷ್ಯ ತನ್ನ ದೇವರನ್ನು ತಾನೇ ಆರಿಸಿಕೊಳ್ಳಬಲ್ಲ. ಅವರದ್ದೂ ಹುರುಪೇ, ತಲೆ ಎಣಿಸುವ ಹುರುಪು ಅದರಲ್ಲಿಯೂ ಇತ್ತು. ಆದರೆ ಎಣಿಸಲ್ಪಟ್ಟವರನ್ನು ಅವರು ಪಾದ್ರಿಗಳಾಗಿ ನಿಲ್ಲಿಸಿದರು.

ಗಾಂಧೀಜಿಯ ಪ್ರಶ್ನೆಯ ಇನ್ನೊಂದು ಅರ್ಧಕ್ಕೆ ಉತ್ತರ ಹುಡುಕಲು ಅದೇ ಸಂಸ್ಥಾನದ ಉತ್ತರ ದಿಕ್ಕಿಗೆ ಹೋಗಬೇಕು. ಇಸಬೆಲ್ ಕೆರ್ ಎಂಬ ಸ್ಕಾಟಿಷ್ ವೈದ್ಯೆ 1907ರಲ್ಲಿ ಪಾದ್ರಿ ಗಂಡ ಜಾರ್ಜ್ ಕೆರ್ ಜೊತೆ ಹೈದರಾಬಾದ್ ಸಂಸ್ಥಾನಕ್ಕೆ ಬಂದರು. ನಿಜಾಮಾಬಾದಿನಲ್ಲಿ ಕುಷ್ಠರೋಗಿಗಳಿಗೆ ಎಲ್ಲೂ ಆಸರೆ ಇಲ್ಲದ್ದು ಕಂಡು 1911ರಲ್ಲಿ ಒಂದು ಕೇಂದ್ರ ತೆರೆದರು. ಬಂದವರಿಗೆ ಜಾಗ ಸಾಲಲಿಲ್ಲ. ಆಗ ದೊಡ್ಡ ಆಸ್ಪತ್ರೆಗೆ ಹಣ ಕೊಟ್ಟವರು ಮಿಷನ್ನಿನವರಲ್ಲ, ನರಸಾಗೌಡ ಎಂಬ ಹಿಂದೂ ದಾನಿ. 1915ರಲ್ಲಿ ಡಿಚ್‌ಪಲ್ಲಿಯ ವಿಕ್ಟೋರಿಯಾ ಕುಷ್ಠರೋಗ ಆಸ್ಪತ್ರೆ ಎದ್ದು ನಿಂತಿತು.

ಅಲ್ಲಿನ ಚಿಕಿತ್ಸೆ ಚಾಲ್‌ಮೂಗ್ರ ಬಗೆಯ ಎಣ್ಣೆಯ ಇಂಜೆಕ್ಷನ್. ನಮ್ಮ ಮಲೆನಾಡಿನವರು ಗರುಡಫಲ ಎನ್ನುವ ಮರದ ಬಳಗದ ಬೀಜಗಳಿಂದ ತೆಗೆದ ಎಣ್ಣೆ. ಕಲ್ಕತ್ತೆಯ ಅರ್ನೆಸ್ಟ್ ಮ್ಯೂರ್ ಜೊತೆ ಸೇರಿ ಇಸಬೆಲ್ ಈ ಚಿಕಿತ್ಸೆಯನ್ನು ಹರಡಿದರು. ಚುಚ್ಚಿದರೆ ಜೋರಾಗಿ ನೋಯುವ ಮದ್ದು, ಒಂದೆರಡು ಸಲಕ್ಕೆ ಮುಗಿಯುವುದಲ್ಲ, ತಿಂಗಳುಗಟ್ಟಲೆ ಬೇಕು. ಎಲ್ಲರಿಗೂ ಗುಣವಾಗುತ್ತಲೂ ಇರಲಿಲ್ಲ. 1940ರ ದಶಕದಲ್ಲಿ ಸಲ್ಫೋನ್ ಔಷಧಿಗಳು ಬಂದ ಮೇಲೆ ಅದು ಹಿಂದೆ ಸರಿಯಿತು. ಆದರೆ ಕುಷ್ಠರೋಗಿಯೆಂದರೆ ಸಾಯುವ ತನಕ ಊರಾಚೆ ಇಡಬೇಕಾದವನು ಎಂಬ ಲೆಕ್ಕವನ್ನು ಅದು ಕೆಡಿಸಿತು. ಇಲ್ಲಿಗೆ ಬಂದವನು ಮನೆಗೆ ಮರಳಬಹುದಿತ್ತು.

ನನ್ನನ್ನು ಹಿಡಿದು ನಿಲ್ಲಿಸುವುದು ಈ ಆಸ್ಪತ್ರೆಯ ಹಿಂದಿರುವ ಕೈಗಳು. ಮುಸ್ಲಿಂ ದೊರೆಯ ನೆಲ, ಹಿಂದೂ ದಾನಿಯ ಹಣ, ಕ್ರೈಸ್ತ ವೈದ್ಯೆಯ ದುಡಿಮೆ. ಹೊರಟು ಬರುವುದಕ್ಕೆ ಹುರುಪು ಬೇಕಾಗಿತ್ತು. ಅದಿಲ್ಲದಿದ್ದರೆ ಸ್ಕಾಟ್ಲೆಂಡಿನ ರೈತನ ಮಗಳು ನಿಜಾಮಾಬಾದಿಗೆ ಬರುತ್ತಿರಲಿಲ್ಲ. ಬಂದ ಮೇಲೆ ಮತ್ತೆ ಮತ್ತೆ ಸೂಜಿ ಹಿಡಿದು ಅದೇ ಮೈಯನ್ನು ಮುಟ್ಟುವುದಕ್ಕೆ ಕನಿಕರ ಬೇಕಾಗಿತ್ತು. ಕೆಲಸ ತನ್ನದೊಬ್ಬಳದೇ ಎನ್ನದೆ ನರಸಾಗೌಡರ ಜೊತೆ ಹಂಚಿಕೊಳ್ಳುವುದಕ್ಕೆ ಬೇಕಾದದ್ದು ಅಜರಯ್ಯ ಕೇಳಿದ ಮೂರನೆಯ ವಸ್ತು.

ಅಜರಯ್ಯ 1945ರ ಜನವರಿ 1ರಂದು ಡೋರ್ನಕಲ್‌ನಲ್ಲೇ ತೀರಿಕೊಂಡರು. ಬೇರೆ ಬೇರೆ ಪಂಗಡಗಳು ಒಂದಾಗಬೇಕೆಂದು 1919ರ ತರಂಗಂಬಾಡಿ ಸಭೆಯಿಂದಲೂ ಅವರು ದುಡಿದಿದ್ದರು. ಆ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಹುಟ್ಟಿದ್ದು 1947ರ ಸೆಪ್ಟೆಂಬರ್‌ನಲ್ಲಿ, ಅವರು ಹೋಗಿ ಎರಡು ವರ್ಷದ ಮೇಲೆ. ಇಂದು ಮಂಗಳೂರಿನ, ಧಾರವಾಡದ ಸಿ.ಎಸ್.ಐ. ಚರ್ಚುಗಳಲ್ಲಿ ಕನ್ನಡದಲ್ಲಿ ಪ್ರಾರ್ಥಿಸುವವರೂ ಡೋರ್ನಕಲ್‌ನಲ್ಲಿ ತೆಲುಗಿನಲ್ಲಿ ಪ್ರಾರ್ಥಿಸುವವರೂ ಒಂದೇ ಸಭೆಯವರು.

ನನ್ನ ಅನುವಾದದಲ್ಲಿ ಕೊನೆಗೆ ಮೊದಲ ಪದಕ್ಕೆ ‘ಹುರುಪು’ ಎಂದೂ ಎರಡನೆಯದಕ್ಕೆ ‘ಕನಿಕರ’ ಎಂದೂ ಬರೆದೆ. ಮೊದಲನೆಯದರ ಬಗ್ಗೆ ಈಗಲೂ ಸಮಾಧಾನವಿಲ್ಲ. ಎಡಿನ್‌ಬರೋದಲ್ಲಿ ಅಜರಯ್ಯ ಬಳಸಿದ ಪದ ಮಾತ್ರ ಯಾವ ಅನುವಾದಕರಿಗೂ ಕಷ್ಟವಾಗುವಂಥದ್ದಲ್ಲ. ಕಷ್ಟವಾದದ್ದು ಎದುರಿಗೆ ಕುಳಿತು ಅದನ್ನು ಕೇಳಿಸಿಕೊಂಡವರಿಗೆ.